ಕಾಳು ಆರಿಸದ ಜಾಹೇದಾ

ಶಹಾಬಜಾರದ ನಮ್ಮ ಓಣಿಯಲ್ಲಿ ಜಾಹೇದಾಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವರ ಒಗ್ಗರಣೆಗೆ ನಾವು ಸೀನುತ್ತಿದ್ದೆವು. ನಮ್ಮ ಮನೆಯವರು ಇದ್ದಾಗ ಹೇಳುತ್ತಿದ್ದ ಸಂಧ್ಯಾವಂದನೆ ಅವಳಿಗೆ ಅರ್ಧ ಬಾಯಿಪಾಠವಾಗಿತ್ತು.

ಅವಳ ಅಪ್ಪ ಖಾಜಾ ನೆಹರು ಗಂಜಿನ ಕಾಳಿನ ಮಾರುಕಟ್ಟೆಯಲ್ಲಿ ತೊಗರಿಯ ಮಾದರಿ ತೆಗೆಯುವವರು. ರೈತರ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ, ನಡುವಿನ ಕಾಳು ತೆಗೆದು ತಟ್ಟೆಗೆ ಹಾಕಿಡಬೇಕು. ಅದನ್ನು ನೋಡಿ ಖರೀದಿದಾರರು ದರ ಹೇಳುತ್ತಾರೆ. ಮೇಲಿನ ಕಾಳು ನಂಬುವಂತಿಲ್ಲ, ಎಲ್ಲರೂ ಚಲೋದನ್ನೇ ಮೇಲೆ ಸುರಿದಿರುತ್ತಾರೆ. ಎಂಬತ್ತೈದರ ಸುಮಾರಿಗೆ, ಏಳೆಂಟು ವರ್ಷದ ಜಾಹೇದಾ ಅಪ್ಪನಿಗೆ ಬುತ್ತಿ ಒಯ್ದವಳು ತಟ್ಟೆಯೊಳಗಿನ ಕಲ್ಲುಹರಳು ಆರಿಸಲು ಹೋಗಿ ಬೈಸಿಕೊಂಡಳು.

“ಹರಳು ಆರಸೋದು ಮನ್ಯಾಗ. ಇಲ್ಲಿ ಚೀಲದಾಗ ಏನದನೋ ಅದೇ ತಟ್ಟ್ಯಾಗ ಇರಬೇಕು,” ಅಂದರಂತೆ ಖಾಜಾ.

ಒಂದು ವರ್ಷ ಅವಳ ಸೋದರಮಾವ ಇಮಾಮುದ್ದೀನ್ ಕಮಲಾಪುರದಿಂದ ತೊಗರಿ ತಂದರು. ಖಾಜಾ ಆ ಚೀಲಕ್ಕೂ ಹಾಗೆಯೇ ಚುಚ್ಚಿದರು. ತಟ್ಟೆಗೆ ಹರಳು ಬಿದ್ದವು, ದರ ಇಳಿಯಿತು. ಮಾವ ಎರಡು ಈದ್ ನಮ್ಮ ಓಣಿಗೆ ಕಾಲಿಡಲಿಲ್ಲ. ಆದರೆ ಖಾಜಾ ತೀರಿಕೊಂಡ ದಿನ ಮೊದಲು ಬಂದವರೂ ಅವರೇ. ತಾಯಿ ಮೊದಲೇ ಹೋಗಿದ್ದ ಹುಡುಗಿಯನ್ನು ಟೈಪಿಂಗ್ ಕ್ಲಾಸಿಗೆ ಹಚ್ಚಿದರು. ಅವಳು ಮದುವೆ ಬೇಡ ಅಂದಾಗ ಬಳಗದವರ ಬಾಯಿ ಮುಚ್ಚಿಸಿದರು.

ಎರಡು ಸಾವಿರದ ಐದರ ಹೊತ್ತಿಗೆ ಜಾಹೇದಾ ಖೂಬಾ ಪ್ಲಾಟ್ ಬಡಾವಣೆಯಲ್ಲಿ ಇಂಟರ್ನೆಟ್ ಅಂಗಡಿ ನಡೆಸುತ್ತಿದ್ದಳು. ಕಮಲಾಪುರದಿಂದ ಕಾಲೇಜಿಗೆ ಬರುವ ಹುಡುಗಿಯರು ಅಲ್ಲಿ ರಿಸಲ್ಟ್ ನೋಡಲು ಕೂಡುತ್ತಿದ್ದರು. ಆಗ ಅವರ ಊರಿನ ಗ್ರಾಮ ಪಂಚಾಯಿತಿ ಚುನಾವಣೆ ಬಂತು. “ಎಲ್ಲಾರೂ ಬಂದು ಕೈ ಮುಗೀತಾರ, ಏನ್ ಮಾಡ್ತೀನಿ ಅಂತ ಒಬ್ಬರೂ ಹೇಳಂಗಿಲ್ಲ” ಎಂದು ಅವರು ಗೊಣಗಿದ್ದು ಇವಳ ಕಿವಿಗೆ ಬಿತ್ತು. ಅವರ ವಾರ್ಡಿನಲ್ಲಿ ಒಂದು ಜಾಗಕ್ಕೆ ಮೂವರು ನಿಂತಿದ್ದರು: ಅಂಗಡಿಯ ಅಣವೀರಪ್ಪ, ಕೂಲಿಯ ಬಂಡೆಮ್ಮ, ಮತ್ತು ಇವಳ ಮಾವ.

ಜಾಹೇದಾ ಬಸ್ಸು ಹತ್ತಿ ಹೋಗಿ ಮೂವರಿಗೂ ಒಂದೇ ರೀತಿ ಎರಡು ಪ್ರಶ್ನೆ ಕೇಳಿಬಂದಳು. ಕೆಳಗಿನ ಓಣಿಗೆ ನೀರು ಯಾವಾಗ? ಶಾಲೆಯಲ್ಲಿ ಹುಡುಗಿಯರ ಪಾಯಖಾನೆಗೆ ಬೀಗ ಯಾಕೆ? ಉತ್ತರಗಳನ್ನು ಪಕ್ಕಪಕ್ಕ ಬರೆದು ಇಂಟರ್ನೆಟ್ಟಿಗೆ ಹಾಕುವ ವಿಚಾರ. ಆಗ ಕನ್ನಡ ಅಕ್ಷರ ಬೇರೆ ಕಂಪ್ಯೂಟರಿನಲ್ಲಿ ಬರೀ ಡಬ್ಬಿಯಾಗಿ ಕಾಣುತ್ತಿತ್ತಂತೆ. ಅದಕ್ಕೆ ಕೈಯಲ್ಲಿ ಬರೆದು ಆ ಹಾಳೆಯ ಚಿತ್ರವನ್ನೇ ಹಾಕುವವಳಿದ್ದಳು.

ಹಾಕುವ ಮೊದಲು ಹಾಳೆ ಹಿಡಿದು ನನ್ನ ಹತ್ತಿರ ಬಂದಳು. ನಾನು ಅಕ್ಕಿ ಹಸನು ಮಾಡುತ್ತಿದ್ದೆ.

“ಜಾನಕಿ ಕಾಕು, ಹೆಸರು ಹೇಳದೇ ಓದ್ತೀನಿ. ನಾ ಯಾರ ಕಡಿ ಇದ್ದೀನಿ ಅಂತ ಗೊತ್ತಾದ್ರ ಹೇಳ್ರಿ.”

“ನಾ ಎರಡನೇ ಇಯತ್ತೆ ಕಲ್ತಾಕಿ. ನನಗೇನ ತಿಳೀತದ?”

“ಅದಕ್ಕೇ ಬಂದೀನಿ. ಕಲ್ತವರು ಬರೇ ಕಣ್ಣ ಆಡಸ್ತಾರ. ನೀವು ಕೇಳ್ತೀರಿ.”

ಓದಿದಳು. ಮೊದಲನೆಯದು: “ನಾ ಇರೋದೇ ಆ ಓಣ್ಯಾಗ. ಮೂರು ನಳ, ಒಂದರಾಗೂ ನೀರಿಲ್ಲ. ಮೊದಲ ಅದು. ಪಾಯಖಾನಿ ಮಾತು ಕೇಳಿ ಹೇಳ್ತೀನಿ.” ಎರಡನೆಯದು: “ಟಾಕಿ ಕಟ್ಟಸ್ತೀನಿ, ಜಾಗ ಇನ್ನಾ ನೋಡಿಲ್ಲ. ಬೀಗದ್ದು ಹೆಡ್‌ಮಾಸ್ತರಿಗೆ ಕೇಳ್ರಿ.” ಮೂರನೆಯದು: “ಕುಡಿಯುವ ನೀರಿನ ಸಮಸ್ಯೆಯನ್ನು ಶೀಘ್ರ ಬಗೆಹರಿಸಿ, ವಿದ್ಯಾರ್ಥಿನಿಯರ ಅನುಕೂಲಕ್ಕೆ ಸೂಕ್ತ ಕ್ರಮ ಕೈಗೊಳ್ಳುವೆ.”

“ಮೂರನೇದು ನಿಮ್ಮ ಮಾಮೂಂದು,” ಅಂದೆ.

“ಹ್ಯಾಂಗ ಗೊತ್ತಾತು?”

“ಮೊದಲಿನ ಎರಡರಾಗ ಹರಳು ಅದಾವ. ಇದನ್ನ ಯಾರೋ ಆರಿಸ್ಯಾರ.”

ಅವಳು ಹಾಳೆ ಮಡಚಿದಳು, ಮತ್ತೆ ಬಿಚ್ಚಿದಳು. “ಮಾಮು ಖರೇ ಅಂದದ್ದು ಇಷ್ಟೇ: ‘ನೋಡೋಣ ಬೇಟಾ, ನಿನಗ ತಿಳಿದದ್ದು ಬರಿ.’”

“ಹಂಗಾದ್ರ ಅದನ್ನೇ ಬರಿ.”

“ಅಬ್ಬಾ ಹೋದ ಮ್ಯಾಲ ನನಗ ಅವರೊಬ್ಬರೇ ಇದ್ದದ್ದು, ಕಾಕು.”

ನಾನು ಚಹಾಕ್ಕೆ ನೀರಿಟ್ಟೆ. ಅವಳು ಚಹಾ ಕುಡಿಯದೇ ಎದ್ದು ಹೋದಳು. ಮರುದಿನ ಹಾಕಿದ ಪುಟದಲ್ಲಿ ಮಾವನ ಹೆಸರಿನ ಕೆಳಗೆ ‘ನೋಡೋಣ’ ಎಂದಷ್ಟೇ ಇತ್ತು.

ಹುಡುಗಿಯರು ಅದರ ಪ್ರಿಂಟು ತೆಗೆದು ಊರಿಗೆ ಒಯ್ದರು. ಮೂರನೇ ದಿನಕ್ಕೆ ಮಾವ ನಮ್ಮ ಕಟ್ಟೆಯ ಮೇಲೆ ಬಂದು ಕುಳಿತರು.

“ನೋಡಿದ್ರೇನ್ರಿ ಜಾನಕೀಬಾಯಿ, ನಿಮ್ಮ ಹುಡುಗಿ ಕಾರಭಾರ? ಕಮಲಾಪುರದಾಗ ಸಣ್ಣ ಹುಡುಗ್ರೂ ನನಗ ನೋಡೋಣ ಸಾಹೇಬ ಅನ್ಲಾಕತ್ತಾರ.”

ಜಾಹೇದಾ ನೀರು ತಂದಿಟ್ಟಳು. “ತಿದ್ದತೀನಿ ಮಾಮು. ಹೇಳ್ರಿ. ಕೆಳಗಿನ ಓಣ್ಯಾಗ ನಳ ಎಷ್ಟು ಅದಾವ?”

ಮಾವ ನೀರಿನ ತಂಬಿಗೆ ನೋಡಿದರು.

“ನೀವು ಹೇಳಿದ್ದು ಬರೀತೀನಿ. ನಾ ಹೇಳಿಸಿದ್ದು ಬರಿಯಂಗಿಲ್ಲ.”

“ನಿಮ್ಮಪ್ಪನ ಮಗಳೇ ಅದೀ.”

“ಆಗ ಎರಡು ಈದ್ ಬರಲಿಲ್ಲ ನೀವು. ಈಗ ಎಷ್ಟು ಬಿಡ್ತೀರಿ?”

ಮಾವ ನೀರು ಮುಟ್ಟದೇ ಎದ್ದು ಹೋದರು. ಅವಳು ತಂಬಿಗೆ ಎತ್ತಿ ಒಳಗೆ ಒಯ್ದಳು.

ನಾಲ್ಕು ದಿನಕ್ಕೆ ಅಂಗಡಿಗೆ ಮಾವನ ಫೋನು ಬಂತು. ಕೆಳಗಿನ ಓಣಿಗೆ ಹೋಗಿದ್ದರಂತೆ, ಬಂಡೆಮ್ಮನೇ ಮುಂದೆ ನಿಂತು ತೋರಿಸಿದಳಂತೆ.

“ಮೂರು ನಳ. ಪೈಪ್ ಒಡದದ್ದು ಎಲ್ಲಿ ಗೊತ್ತೇನು? ನಮ್ಮನಿ ಮುಂದೇ, ಕಟ್ಟಿ ಕೆಳಗ. ಬರಕೋ, ಮೊದಲನೇ ತಿಂಗಳ ಜೋಡಸ್ತೀನಿ. ಪಾಯಖಾನಿದು ಗೊತ್ತಿಲ್ಲ. ಗೊತ್ತಿಲ್ಲ ಅಂತನ ಬರಿ.”

ಜಾಹೇದಾ ಹಾಗೆಯೇ ಬರೆದಳು. ಹಳೆಯ ‘ನೋಡೋಣ’ವನ್ನೂ ತಾರೀಖು ಹಾಕಿ ಮೇಲೆ ಉಳಿಸಿದಳು. ಉಳಿದಿಬ್ಬರಿಗೂ ಹೇಳಿ ಕಳಿಸಿದಳು, ಬೇಕಾದರೆ ನೀವೂ ಹೊಸದು ಹೇಳಬಹುದು ಎಂದು. ಬಂಡೆಮ್ಮ ಶಾಲೆಗೆ ಹೋಗಿ ಕೇಳಿ ಬಂದು, ಬೀಗದ ಕೈ ಯಾರ ಹತ್ತಿರ ಇದೆ ಎಂಬುದನ್ನೂ ಬರೆಸಿದಳು.

ಗೆದ್ದದ್ದು ಬಂಡೆಮ್ಮ. ಮಾವ ಸೋತರು. ಸೋತ ಮೇಲೂ ತಮ್ಮ ಮನೆಯ ಕಟ್ಟೆ ಒಡೆಯಲು ತಾವೇ ಹೇಳಿದರು. ಗುದ್ದಲಿ ಹಿಡಿದವರು ಕೆಳಗಿನ ಓಣಿಯವರು. ಬೇಸಿಗೆಗೆ ಮೊದಲು ಮೂರು ನಳಕ್ಕೂ ನೀರು ಬಂತು.

ಆ ವರ್ಷದ ರಂಜಾನ್ ಈದಿಗೆ ಮಾವ ಕಮಲಾಪುರದ ಕೆಂಪು ಬಾಳೆಹಣ್ಣಿನ ಗೊನೆ ಹೊತ್ತು ಓಣಿಗೆ ಬಂದರು. ನನಗೂ ಒಂದು ಚಿಪ್ಪು ಕೊಟ್ಟರು.

“ಮುಂದಿನ ಸಲ ನಿಲ್ಲಾಂವ ಇದ್ದೀನಿ,” ಅಂದರು. “ಪ್ರಶ್ನಿ ನನಗ ಮೊದಲ ಕಳಸು, ಬೇಟಾ.”

“ಎಲ್ಲಾರಿಗೂ ಒಂದೇ ದಿನ ಕಳಸ್ತೀನಿ, ಮಾಮು.”

ಮಾವ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು. ಆಮೇಲೆ ಒಂದು ಹಣ್ಣು ಸುಲಿದು ಅವಳ ಕೈಗಿಟ್ಟರು.