ಪೆಕನ್‌ನ ಹಿಂಗಾಲಿಗೆ ಬಿಗಿದ ಪಟ್ಟಿ

ಟೆಕ್ಸಸ್‌ನ ಬಯಲಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನಾಯಿಗಳ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ಲೀಯಾನ್ ಹ್ರುಸ್ಕಾ ಪೆಕನ್‌ಗೆ ಬೆಚ್ಚನೆಯ ಟವೆಲು ಹೊದಿಸುತ್ತಿದ್ದಾರೆ. ಪೆಕನ್ ಹೊಂಬಣ್ಣದ ನಾಯಿ. ಹುಟ್ಟಿದಾಗಿನಿಂದಲೂ ಅದರ ಸ್ನಾಯುಗಳು ಸವೆಯುತ್ತಿವೆ. ಈಗ ಅರಿವಳಿಕೆಯಲ್ಲಿ ಅಂಗಾತ ಮಲಗಿದೆ. ಹಿಂಗಾಲಿನ ಪಾದವನ್ನು ಪುಟ್ಟ ಪೆಡಲಿಗೆ ಪಟ್ಟಿಯಿಂದ ಬಿಗಿಯುವುದು ಲೀಯಾನ್ ಕೆಲಸ. ನರಕ್ಕೆ ಸಣ್ಣಗೆ ಕರೆಂಟು ಕೊಟ್ಟರೆ ಪಾದ ಪೆಡಲನ್ನು ಒತ್ತುತ್ತದೆ. ಎಷ್ಟು ಬಲವಾಗಿ ಎಂಬುದನ್ನು ಯಂತ್ರ ಹೇಳುತ್ತದೆ. ಹಿಮ್ಮಡಿಯ ಬಳಿ ಪಟ್ಟಿ ತುಸು ಸಡಿಲವಾದರೂ ಸಾಕು, ಗಟ್ಟಿಮುಟ್ಟಾದ ನಾಯಿಯೂ ಯಂತ್ರದ ಲೆಕ್ಕದಲ್ಲಿ ದುರ್ಬಲ ಎನಿಸಿಕೊಳ್ಳುತ್ತದೆ.

ಹಸು ಸಾಕಿ ಹಾಲು ಕರೆಯುವ ಮನೆತನದಿಂದ ಬಂದ ಲೀಯಾನ್‌ಗೆ ಈ ಕೆಲಸದಲ್ಲೇ ತಲೆ ನರೆತಿದೆ. ಸಂಶೋಧನೆ ಅಚ್ಚಾದಾಗ ಅವರ ಹೆಸರು ಎಲ್ಲೂ ಇರುವುದಿಲ್ಲ, ಇರಲಿ ಎಂದು ಅವರು ಕೇಳಿದವರೂ ಅಲ್ಲ. ಈ ಪ್ರಯೋಗದಲ್ಲಿ ಕೆಲವು ನಾಯಿಗಳಿಗೆ ಹೊಸ ಔಷಧ, ಉಳಿದವಕ್ಕೆ ಬರೀ ಉಪ್ಪುನೀರು. ಯಾವುದಕ್ಕೆ ಯಾವುದು ಎಂಬುದು ಕೋಣೆಯಲ್ಲಿ ಯಾರಿಗೂ ಗೊತ್ತಿಲ್ಲ. ಔಷಧ ಗೆದ್ದರೆ ಉಪ್ಪುನೀರಿನ ನಾಯಿಗಳಿಗೂ ಅದು ಸಿಗುತ್ತದೆ. ಯಾವ ನಾಯಿಗೆ ಯಾವುದೆಂದು ಊಹಿಸಿ ಬಾಯಿಬಿಟ್ಟವರು ಮರುದಿನ ಎಲ್ಲರಿಗೂ ಕೊಲಾಚಿ ಎಂಬ ಸಿಹಿ ಬನ್ನು ತರಬೇಕೆಂಬುದು ಇಲ್ಲಿಯವರ ಕಟ್ಟಳೆ. ಲೀಯಾನ್ ಒಮ್ಮೆಯೂ ತಂದಿಲ್ಲ. ಜಿಪುಣಿ ಎಂದು ಜೊತೆಯವರು ರೇಗಿಸುತ್ತಾರೆ.

ಆದರೆ ಈ ವಾರ ಲೀಯಾನ್‌ಗೆ ನಗು ಬರುತ್ತಿಲ್ಲ. ಪೆಕನ್ ಊಟ ನುಂಗಲಾರದೆ ಕೆಮ್ಮುತ್ತಿದೆ. ಕೈಯಾರೆ ಕಿವುಚಿ ತಿನ್ನಿಸುವಾಗಲೆಲ್ಲ ಲೀಯಾನ್‌ಗೆ ಜೀವ ಬಾಯಿಗೆ ಬರುತ್ತದೆ. ಮರಿಯಿದ್ದಾಗಿನಿಂದ ಸಾಕಿದ ಜೀವ, ಹೆದರಿಕೆ ಆಗದಿರುತ್ತದೆಯೇ?

ಕರೆಂಟು ಹರಿಯುತ್ತದೆ. ಪಾದ ಅಲುಗುತ್ತದೆ. ಪರದೆಯ ಮೇಲಿನ ಗೆರೆ ಕಳೆದ ಸಲಕ್ಕಿಂತ ತೀರಾ ಕೆಳಗೆ ನಿಲ್ಲುತ್ತದೆ. ಅಳತೆ ಬರೆದುಕೊಳ್ಳುವ ವೈದ್ಯೆ ಒರಾಲಿಯಾ ಕಾಂತು ಅವರಿಗೂ ಈ ನಾಯಿಯೆಂದರೆ ಅಕ್ಕರೆ.

"ಪಟ್ಟಿ ಏನಾದ್ರೂ ಸಡಿಲ ಆಗಿತ್ತಾ, ಲೀಯಾನ್?" ಎಂದು ಮೆಲ್ಲಗೆ ಕೇಳುತ್ತಾರೆ.

ಹೂಂ ಎಂದರೆ ಸಾಕು. ಈ ಅಳತೆ ರದ್ದಾಗುತ್ತದೆ, ಮುಂದಿನ ತಿಂಗಳ ಅಳತೆಯವರೆಗೆ ಆಸೆ ಉಳಿಯುತ್ತದೆ. ಲೀಯಾನ್ ಪಟ್ಟಿಯ ಕೆಳಗೆ ಬೆರಳು ತೂರಿಸಲು ನೋಡುತ್ತಾರೆ. ಉಗುರೂ ಹೋಗುವುದಿಲ್ಲ.

"ಇಲ್ಲ ಡಾಕ್ಟ್ರೇ, ಬಿಗಿಯಾಗೇ ಇದೆ. ಬರ್ಕೊಳ್ಳಿ," ಎನ್ನುತ್ತಾರೆ.

ಆಮೇಲೆ ನೆಲದ ಮೇಲೆ ಕೂತು, ಎಚ್ಚರಾಗುತ್ತಿರುವ ಪೆಕನ್‌ನ ತಲೆಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಅದರ ಬಾಲ ಒಮ್ಮೆ ನೆಲಕ್ಕೆ ಬಡಿಯುತ್ತದೆ. ಅವರ ತುಟಿ ಅಲುಗುವುದನ್ನು ಕಂಡ ಒರಾಲಿಯಾ, ಏನು ಬೇಡಿಕೊಳ್ಳುತ್ತಿದ್ದೀರಿ ಎಂದು ಕೇಳುತ್ತಾರೆ.

"ಇವ್ನಿಗೆ ಕೊಟ್ಟಿದ್ದು ಉಪ್ಪುನೀರೇ ಆಗಿರ್ಲಪ್ಪಾ ದೇವ್ರೇ," ಎನ್ನುತ್ತಾರೆ ಲೀಯಾನ್. "ಹಂಗಾದ್ರೆ ಔಷಧ ಕೊಡೋದು ಇನ್ನೂ ಬಾಕಿ ಇರುತ್ತೆ."