ಒಂದೇ ಮಾಡಿನ ಕೆಳಗೆ ಆರು ಒಲೆ

ನೀಲಾವತಿಯಕ್ಕ ಮೀನಿನ ವಾಸನೆ ಹಿಡಿಯಲೆಂದೇ ನೇಮಕಗೊಂಡವರೆಂದು ನಾನು ಬಹಳ ಕಾಲ ನಂಬಿದ್ದೆ. ನಂಬಲು ಕಾರಣವೂ ಇತ್ತು. ಬಂಟ್ವಾಳ ಪೇಟೆಯಲ್ಲಿ ನಾವಿದ್ದ ಬಿಡಾರದ ಧಣಿಗಳು ಮೂಡಬಿದ್ರೆಯ ಜೈನರು, ಸನತ್‌ಕುಮಾರರು. ಬಾಡಿಗೆಗೆ ಕೊಡುವಾಗ ಅವರ ಷರತ್ತು ಒಂದೇ: ಮೀನು, ಮಾಂಸ ಬೇಯಿಸಬಾರದು. ಉದ್ದನೆಯ ಒಂದೇ ಹಂಚಿನ ಮಾಡು, ಅದರ ಕೆಳಗೆ ಆರು ಸಂಸಾರ. ಆರೂ ಸಂಸಾರಗಳು ತಲೆಯಾಡಿಸಿ ಒಳಗೆ ಬಂದಿದ್ದವು; ಐದರಲ್ಲಿ ಬಂಗುಡೆ ಬೇಯುತ್ತಿತ್ತು. ನಡುವಿನ ಗೋಡೆಗಳು ಮಾಡಿನವರೆಗೆ ಮುಟ್ಟುತ್ತಿರಲಿಲ್ಲ. ಹಾಗಾಗಿ ಇವತ್ತು ಯಾರ ಮನೆಯ ಸಾರು ಎಂಬುದು ಎಲ್ಲರಿಗೂ ತಿಳಿಯುತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಇಂಥಲ್ಲಿ, ಸರಿಯಾಗಿ ಅಡುಗೆಯ ಹೊತ್ತಿಗೆ ಒಬ್ಬ ಹೆಂಗಸು ಒಳಗೆ ಬಂದು ಮೂಗು ಮೇಲೆತ್ತಿ ನಿಂತರೆ ಏನೆಂದುಕೊಳ್ಳಬೇಕು? ನನ್ನ ಹೆಂಡತಿ ಮಡಕೆಯ ಮೇಲೆ ಮೊರ ಮುಚ್ಚುತ್ತಿದ್ದಳು. ನೀಲಾವತಿಯಕ್ಕ ಮಡಕೆಯತ್ತ ಕಣ್ಣು ಹಾಯಿಸುತ್ತಲೂ ಇರಲಿಲ್ಲ. ಅದನ್ನೂ ನಾವು ಅವರ ಚಾಲಾಕಿನ ಲೆಕ್ಕಕ್ಕೆ ಹಾಕಿದೆವು.

ಅವರು ತೋಡಾರಿನವರು. ಗಂಡ ತೀರಿಕೊಂಡ ಮೇಲೆ ಧಣಿಗಳು ಬಿಡಾರದ ಕೊನೆಯ ಕೋಣೆಯನ್ನು ಬಾಡಿಗೆಯಿಲ್ಲದೆ ಕೊಟ್ಟು, ಕಟ್ಟಡ ನೋಡಿಕೊಳ್ಳಲು ಹೇಳಿದ್ದರು. ಸೊಂಟದಲ್ಲಿ ದೊಡ್ಡ ಬೀಗದ ಕೈಗೊಂಚಲು. ಅದರಲ್ಲಿ ಯಾವ ಕೈಗೂ ಬಿಡಾರದಲ್ಲಿ ಬೀಗವಿರಲಿಲ್ಲ. 'ನನ್ನ ಮಾಡು' ಎಂದೇ ಅವರು ಹೇಳುತ್ತಿದ್ದುದು.

ಅವರು ಬರುವ ಮೊದಲು ಪ್ರತಿ ಮಳೆಗಾಲ ಯಾರದಾದರೂ ತಲೆಯ ಮೇಲೆ ಏನಾದರೂ ಬೀಳುವುದು, ಮೂಡಬಿದ್ರೆಗೆ ಆಳು ಓಡುವುದು ನಡೆದೇ ಇತ್ತು. ಮಳೆಯಲ್ಲಿ ಮಾಡು ಹತ್ತಲು ಯಾವ ಆಚಾರಿಯೂ ಒಪ್ಪನು. ಒಪ್ಪಿ ಹತ್ತಿದವನು ಇದ್ದ ಹಂಚನ್ನೂ ತುಳಿದು ಒಡೆಯುವನು. ಧಣಿಗಳಿಗೆ ಸಾಕಾಯಿತು.

"ಇನ್ನೊಮ್ಮೆ ಮಳೆಗಾಲದಲ್ಲಿ ಮಾಡು ಬಿತ್ತು ಅಂತ ಜನ ಬಂದರೆ ಎಲ್ಲರನ್ನೂ ಖಾಲಿ ಮಾಡಿಸ್ತೇನೆ. ಅಡಿಕೆಯವರು ಗೋದಾಮಿಗೆ ಕೇಳ್ತಾ ಇದ್ದಾರೆ," ಎಂದರು.

ನೆರೆ ಬಾರದ ಎತ್ತರದಲ್ಲಿ ಇನ್ನೊಂದು ಬಾಡಿಗೆ ಮನೆ ಬಂಟ್ವಾಳದಲ್ಲಿ ಆಗ ಸಿಗುತ್ತಿರಲಿಲ್ಲ. ಎಲ್ಲರೂ ಹೆದರಿದೆವು.

ನೀಲಾವತಿಯಕ್ಕ ಎರಡು ಕಟ್ಟಳೆ ಮಾಡಿದರು. ಮಳೆಗೆ ಮೊದಲು ಹಂಚು ನೋಡಿಸುವುದು ಒಂದು. ಪ್ರತಿ ಮನೆಯಲ್ಲೂ ದಿನಕ್ಕೊಮ್ಮೆಯಾದರೂ ಸೌದೆ ಒಲೆ ಉರಿಸುವುದು ಇನ್ನೊಂದು. ಎರಡನೆಯದು ಯಾಕೆಂದು ನಮಗೆ ಹೊಳೆಯಲಿಲ್ಲ. ಊರಮನೆಗಳಲ್ಲಿ ಹೊಗೆ ತಾನಾಗಿ ಇತ್ತು, ಅದಕ್ಕೂ ಒಂದು ಉದ್ಯೋಗವಿದೆಯೆಂದು ಯಾರು ಯೋಚಿಸಿದ್ದರು? ಕೇಳಿದರೆ ಅಕ್ಕ, "ಹೊಗೆ ಕಣ್ಣಿಗೆ ಒಳ್ಳೆಯದು," ಎನ್ನುವರು. ಅವರ ಕಣ್ಣು ಸದಾ ಕೆಂಪಗೆ ನೀರು ಸುರಿಸುತ್ತಿತ್ತು.

ನಮ್ಮ ಪಕ್ಕದ ಮನೆ ಸುಧಾಕರ ಶೆಟ್ಟರದು. ಪೇಟೆಯ ಇದ್ದಬದ್ದ ಸಂಘಗಳಿಗೆಲ್ಲ ಅವರು ಕಾರ್ಯದರ್ಶಿ. ಸಾಲದೆಂದು 'ಬಿಡಾರ ನಿವಾಸಿಗಳ ಸಂಘ'ವನ್ನೂ ಹುಟ್ಟಿಸಿದ್ದರು. ಅವರು ಮಂಗಳೂರಿನಿಂದ ಸೀಮೆಎಣ್ಣೆಯ ಸ್ಟವ್ ತಂದರು. ಒಲೆ ಒಡೆಸಿ, ಮಾಡಿನ ಮರಕ್ಕೆ ಹಿಡಿದ ಮಸಿ ಕೆರೆಸಿ, ಗೋಡೆಗೆ ಸುಣ್ಣ ಬಳಿಸಿ, ನಮ್ಮನ್ನೆಲ್ಲ ಕರೆದು ಸ್ಟವ್ ತೋರಿಸಿದರು. ಅಕ್ಕನಿಗೆ ಮಾತ್ರ ಬಾಗಿಲು ತೆರೆಯಲಿಲ್ಲ.

"ನೋಡಬೇಕಿದ್ದರೆ ಸಂಘಕ್ಕೆ ಅರ್ಜಿ ಕೊಡಿ."

"ಸಂಘಕ್ಕೆ ಬೇರೆ ಮಾಡು ಉಂಟಾ ಶೆಟ್ರೇ?"

ಹೀಗೇ ಎರಡು ವರ್ಷ ಹೋಯಿತು. ಮೂರನೆಯ ಮೇ ತಿಂಗಳಲ್ಲಿ, ಮೋಡ ಕಾಣಿಸಿಕೊಂಡಾಗ, ಅಕ್ಕ ನಮ್ಮ ಅಡುಗೆಮನೆಗೆ ಏಣಿ ತಂದರು. "ಹಿಡ್ಕೊಳ್ಳಿ," ಎಂದರು. ಹಿಡಿದೆ. ನಡುಗೋಡೆಯ ಮೇಲಿನಿಂದ ಬಿದಿರು ಚಾಚಿ, ಆಚೆಯ ಮಾಡನ್ನು ಹೊತ್ತ ಪಕ್ಕಾಸಿಗೆ ತಿವಿದರು. ಬಿದಿರು ಮರದೊಳಗೆ ಹೊಕ್ಕಿತು. ಆಚೆ ಶೆಟ್ಟರು ಸ್ವತಃ ಬಂಗುಡೆ ಕಾಯಿಸುತ್ತಿದ್ದರು. ಕಾವಲಿಯ ಮೇಲೆ ಮರದ ಹಿಟ್ಟು ಸುರಿಯಿತು.

"ಅಯ್ಯಯ್ಯೋ! ಮೀನು ಹಿಡಿಯಲಿಕ್ಕೆ ಗೋಡೆಯೇ ಹತ್ತಿದ್ದಾ?"

"ಮೀನು ನೀವೇ ತಿನ್ನಿ ಮಾರಾಯ್ರೆ, ನನಗೆ ಯಾಕೆ? ನಿಮ್ಮ ಪಕ್ಕಾಸು ಪೂರ್ತಿ ಹುಳ ತಿಂದಾಗಿದೆ. ತೋಡಾರಿನಲ್ಲಿ ನಮ್ಮ ಒಲೆ ಹೊರಗೆ ಕಟ್ಟಿದರು, ಕೆಲವೇ ವರ್ಷದಲ್ಲಿ ಒಳಗಿನ ಮಾಡು ಅಡ್ಡ ಬಿತ್ತು. ಹೊಗೆ ತಾಗದ ಮರವನ್ನು ಹುಳ ಬಿಡ್ತದಾ?"

"ಮೊದಲೇ ಹೇಳಬಹುದಿತ್ತಲ್ಲ!"

"ಒಳಗೆ ಬಿಟ್ಟರಲ್ಲವಾ ಹೇಳುವುದು?"

ಈ ಮಾಡು ಆಟಿ ತಿಂಗಳ ಜಡಿಮಳೆಯಲ್ಲಿ ಬಿದ್ದಿದ್ದರೆ ಆರು ಸಂಸಾರಗಳ ಮನೆಸಾಮಾನು ಬೀದಿಯಲ್ಲಿರುತ್ತಿತ್ತು. ಆಚಾರಿ ಬಂದು, ಒಣ ಮಾಡಿನ ಮೇಲೆ ನೆಮ್ಮದಿಯಾಗಿ ಕೂತು, ಹಾಳಾದ ಪಕ್ಕಾಸುಗಳನ್ನು ಬದಲಿಸಿದ. ಅವನು ಇಳಿದ ಮೇಲೆ ಮಳೆ ಹಿಡಿಯಿತು, ಶೆಟ್ಟರ ಮನೆಯಲ್ಲೂ ಪುನಃ ಸೌದೆ ಒಲೆ ಹೊಗೆಯಾಡಿತು. ಶೆಟ್ಟರು ಸಂಘದ ಸಭೆ ಕರೆದು, 'ಸಂಘದ ಸಕಾಲಿಕ ಎಚ್ಚರಿಕೆಯಿಂದ ಕಟ್ಟಡ ಉಳಿಯಿತು' ಎಂದು ನಿರ್ಣಯ ಮಂಡಿಸಿದರು. ನಾವೆಲ್ಲ ಕೈ ಎತ್ತಿದೆವು. ಅಕ್ಕ ಸಭೆಗೆ ಬಂದಿರಲಿಲ್ಲ, ಯಾರದೋ ಒಲೆ ನೋಡಲು ಹೋಗಿದ್ದರು.

ಆ ವರ್ಷ ನೇತ್ರಾವತಿ ಹೊಳೆ ಉಕ್ಕಿ ಕೆಳಗಿನ ಅಂಗಡಿಗಳಿಗೆ ನುಗ್ಗಿತು. ನಮ್ಮಲ್ಲಿಂದ ಮೂಡಬಿದ್ರೆಗೆ ಯಾರೂ ಓಡಲಿಲ್ಲ.

ದೀಪಾವಳಿ ಕಳೆದು ಧಣಿಗಳು ಬಂದರು. ಪ್ರತಿ ಅಡುಗೆಮನೆಯಲ್ಲೂ ನಿಂತು ಮೇಲೆ ನೋಡಿದರು. ಕಪ್ಪು ಮಸಿ ಬಿಟ್ಟರೆ ಏನೂ ಕಾಣಲಿಲ್ಲ. ಜಗಲಿಗೆ ಬಂದು, "ಅಡಿಕೆಯವರಿಗೆ ಬೇರೆ ಕಡೆ ನೋಡ್ಲಿಕ್ಕೆ ಹೇಳ್ತೇನೆ. ನೀವು ಇರಿ," ಎಂದರು.

ನಮ್ಮ ಉಸಿರು ಹಗುರಾಯಿತು. ಶೆಟ್ಟರದು ಸ್ವಲ್ಪ ಹೆಚ್ಚೇ ಹಗುರಾಗಿರಬೇಕು. ಧಣಿಗಳ ಮುಂದೆಯೇ ಗಂಟಲು ಸರಿಮಾಡಿಕೊಂಡರು.

"ಅಲ್ಲ ಅಕ್ಕ, ಈ ಸಲ ಒಂದು ಹನಿ ಸೋರಲಿಲ್ಲ. ಮಾಡು ಗಟ್ಟಿ ಉಂಟು ಅಂತ ಆಯ್ತಲ್ಲ? ಇನ್ನು ಬರುವ ವರ್ಷ ಪುನಃ ನೋಡುವುದು ಯಾಕೆ?"

ನೀಲಾವತಿಯಕ್ಕ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ನಿನ್ನೆ ಹೊಟ್ಟೆ ತುಂಬ ಉಂಡಿದ್ದೀರಲ್ಲ ಶೆಟ್ರೇ. ಇವತ್ತು ಪುನಃ ಉಂಡದ್ದು ಯಾಕೆ?"