ವಾಗ್ಮಿ ಪಂಚಾಕ್ಷರಯ್ಯನವರು

ನಮ್ಮ ಚಾಮರಾಜಪೇಟೆಯ ಆಮಂತ್ರಣ ಪತ್ರಿಕೆಗಳಲ್ಲಿ ಪಂಚಾಕ್ಷರಯ್ಯನವರ ಹೆಸರು ಒಂಟಿಯಾಗಿ ಅಚ್ಚಾದದ್ದನ್ನು ನಾನು ನೋಡಿಲ್ಲ. ಕೆಳಗೆ ‘ಖ್ಯಾತ ವಾಗ್ಮಿಗಳು’ ಎಂದು ಇರಲೇಬೇಕು. ನಿಘಂಟಿನ ಪ್ರಕಾರ ವಾಗ್ಮಿ ಎಂದರೆ ಹದವರಿತು ಮಾತಾಡಿ ಕೇಳಿದವರ ಮನಸ್ಸು ಒಲಿಸಿಕೊಳ್ಳಬಲ್ಲವನು. ನಮ್ಮ ಬಳಕೆಯಲ್ಲಿ, ಊಟಕ್ಕೆ ಎಲೆ ಹಾಕುವ ತನಕ ಜನ ಎದ್ದುಹೋಗದಂತೆ ನೋಡಿಕೊಳ್ಳುವವನು. ಮೈಕು ಸಿಕ್ಕರೆ ಬಿಡದವರಿಗೂ ಇದೇ ಪದ ಹಚ್ಚುತ್ತೇವೆ. ನಮ್ಮಪ್ಪನ ಗಂಟೇನು ಹೋಗಬೇಕು?

ಪಂಚಾಕ್ಷರಯ್ಯನವರು ಮಾತ್ರ ಆ ಪದಕ್ಕೆ ನಿಜವಾಗಿ ತಕ್ಕವರು. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದು ನಿವೃತ್ತರಾದವರು. ಗೃಹಪ್ರವೇಶವಿರಲಿ, ಬಸವ ಜಯಂತಿಯಿರಲಿ, ಅವರು ಎದ್ದು ನಿಂತರೆ ಹಿಂದಿನ ಸಾಲಿನ ಹರಟೆ ತಾನಾಗಿ ನಿಲ್ಲುತ್ತಿತ್ತು.

ಹೋದ ವರ್ಷ ನಮ್ಮ ಸಮಾಜದ ಟ್ರಸ್ಟಿನವರಿಗೆ ಹೆಣ್ಣುಮಕ್ಕಳ ಉಚಿತ ಹಾಸ್ಟೆಲ್ ಕೆಡವಿ ಕಲ್ಯಾಣ ಮಂಟಪ ಕಟ್ಟುವ ಹುಚ್ಚು ಹತ್ತಿತು. ಹಾಸ್ಟೆಲ್ ಹೋದರೆ ಅಲ್ಲಿದ್ದ ಹೆಚ್ಚಿನ ಹುಡುಗಿಯರು ಓದು ಬಿಟ್ಟು ಊರಿಗೆ ಮರಳಬೇಕಿತ್ತು. ವಾರ್ಡನ್ ಗಿರಿಜಾಂಬಾ ಮೇಷ್ಟ್ರ ಮನೆಗೆ ಬಂದು, ಸರ್ವಸದಸ್ಯರ ಸಭೆಯಲ್ಲಿ ನೀವೊಬ್ಬರು ಮಾತಾಡಿದರೆ ಇದು ನಿಲ್ಲುತ್ತದೆ ಎಂದು ಬೇಡಿಕೊಂಡರು. ಪಾಪ, ಮೇಷ್ಟ್ರೂ ಹಾಗೇ ನಂಬಿದರು.

ಅಂದು ಅವರು ಮಾತಾಡಿದ್ದನ್ನು ನಾನು ಮರೆಯಲಾರೆ. ಟ್ರಂಕು ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹುಡುಗಿಯನ್ನು ಕಣ್ಣಿಗೆ ಕಟ್ಟುವಂತೆ ಹೇಳಿ ಅಳಿಸಿದರು. ಮರುಗಳಿಗೆಗೇ ಮದುವೆ ಮನೆಯ ಬೀಗರ ಠೀವಿಯನ್ನು ನಟಿಸಿ ತೋರಿಸಿ ನಗಿಸಿದರು. ಎಷ್ಟೋ ಜನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರು. ಅಧ್ಯಕ್ಷರು ಕಣ್ಣೊರೆಸಿಕೊಂಡೇ ಎದ್ದು ಬಂದು ಶಾಲು ಹೊದಿಸಿದರು. ಆಮೇಲೆ, ಮಂಟಪ ಬೇಕೆನ್ನುವವರು ಕೈಯೆತ್ತಿ ಎಂದರು. ಚಪ್ಪಾಳೆ ತಟ್ಟಿದ ಕೈಗಳೇ ಮೇಲೆದ್ದವು. ಬೇಡವೆಂದವರು ನಾವು ಏಳೆಂಟು ಜನ. ನನಗೆ ಮೈಯೆಲ್ಲ ಉರಿದುಹೋಯಿತು. ಅಹವಾಲನ್ನು ಹರಿಕಥೆಯಂತೆ ಕೇಳಿ, ಸುಖಪಟ್ಟು, ತಮಗೆ ಬೇಕಾದ್ದನ್ನೇ ಮಾಡಿದ್ದರು.

ಮೇಷ್ಟ್ರು ಹೊದಿಸಿದ ಶಾಲನ್ನು ತೆಗೆದು ಮಡಿಸುತ್ತ ಕೂತಿದ್ದರು. ಕಾರ್ಯದರ್ಶಿ ಕೈಲಾಸ್ ಹತ್ತಿರ ಬಂದು, ಮಂಟಪದ ಉದ್ಘಾಟನೆಗೂ ನಿಮ್ಮದೇ ಭಾಷಣ ಇರಬೇಕು ಎಂದ.

“ಆಗ್ಲಿ, ಡೇಟು ಮೊದ್ಲೇ ತಿಳ್ಸಿ,” ಎಂದುಬಿಟ್ಟರು ಮೇಷ್ಟ್ರು. ಕರೆಯಲು ಬಂದವರಿಗೆಲ್ಲ ಹೇಳಿ ಹೇಳಿ ನಾಲಗೆಗೆ ಅಂಟಿಕೊಂಡಿದ್ದ ಮಾತು ಅದು. ತಲೆಯೆತ್ತಿದರೆ ಎದುರಿಗೇ ಗಿರಿಜಾಂಬಾ ನಿಂತಿದ್ದರು.

ಆಕೆ ಸಿಟ್ಟಾಗಲಿಲ್ಲ. “ತುಂಬಾ ಚೆನ್ನಾಗಿ ಮಾತಾಡಿದ್ರಿ ಸರ್,” ಎಂದು ಕೈಮುಗಿದು, ಹುಡುಗಿಯರಿಗೆ ವಿಷಯ ತಿಳಿಸಲು ಹೊರಟರು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಾದರೂ ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ ಎಂದು ಮೇಷ್ಟ್ರು ಈಗಲೂ ನನ್ನ ಹತ್ತಿರ ಹೇಳುತ್ತಾರೆ.